ಮಗನ ಬೇಸ್‌ಬಾಲ್ ಕಾರ್ಡುಗಳನ್ನು ಮಾರಾಟಕ್ಕೆ ಅಣಿಗೊಳಿಸುವುದು

ಮಗ ಶಾಲಾದಿನಗಳಲ್ಲಿ ಕೂಡಿಟ್ಟಿದ್ದ, ಆಟಗಾರರ ಚಿತ್ರವುಳ್ಳ ಬೇಸ್‌ಬಾಲ್ ಕಾರ್ಡುಗಳನ್ನು ಮಾರಲು ಕೊನೆಗೂ ಒಪ್ಪಿದ್ದರಿಂದ, ನ್ಯೂಜೆರ್ಸಿಯ ನಮ್ಮ ಮನೆಯ ನೆಲಮಾಳಿಗೆಯಲ್ಲಿದ್ದ ಪೆಟ್ಟಿಗೆಗಳನ್ನು ವಿಂಗಡಿಸುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಎಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸಿದ ಇತರ ಕನ್ನಡ ಕುಟುಂಬಗಳಲ್ಲಿಯೂ ಇಂಥ ಪೆಟ್ಟಿಗೆಗಳು ಉಳಿದಿರಬಹುದು.

ಆಟಗಾರರ ಹೆಸರು ಹಿಡಿದು ಜೋಡಿಸಲು ಹೊರಟರೆ ಕೆಲಸ ಮುಗಿಯುವುದೇ ಇಲ್ಲ; ಮೊದಲು ಕಂಪನಿ ಮತ್ತು ವರ್ಷದ ಪ್ರಕಾರ ಬೇರ್ಪಡಿಸಬೇಕು. ಕಾರ್ಡಿನ ಮೇಲೆ ವರ್ಷ ಕಾಣದಿದ್ದರೆ ಹಿಂಬದಿಯ ಅಂಕಿಅಂಶಗಳ ಕೊನೆಯ ವರ್ಷಕ್ಕೆ ಒಂದನ್ನು ಕೂಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಮ್ಮಲ್ಲಿರುವ ಬಹುಪಾಲು ಕಾರ್ಡುಗಳು ಅತಿಯಾಗಿ ಅಚ್ಚಾಗಿ ಬೆಲೆ ಕಳೆದುಕೊಂಡವು ಎಂಬರ್ಥದಲ್ಲಿ ಸಂಗ್ರಾಹಕರು ‘ಜಂಕ್ ವ್ಯಾಕ್ಸ್’ ಎಂದು ಕರೆಯುವ, ಸುಮಾರು 1987ರಿಂದ 1993ರವರೆಗಿನ ಕಾಲದವು. ಟಾಪ್ಸ್ ಕಂಪನಿಯ, ಮರದ ಹಲಗೆಯಂಥ ಅಂಚುಳ್ಳ 1987ರ ಸೆಟ್‌ನಲ್ಲಿ 792 ಕಾರ್ಡುಗಳಿದ್ದು, ಅವು ಅಪಾರ ಸಂಖ್ಯೆಯಲ್ಲಿ ಅಚ್ಚಾದವು. ಮುಂದೆ ಬೆಲೆ ಬರುತ್ತದೆಂದು ಎಲ್ಲರೂ ಅವನ್ನು ಜೋಪಾನ ಮಾಡಿದ್ದರಿಂದಲೇ ಇಂದು ಅವುಗಳಿಗೆ ಬೆಲೆಯಿಲ್ಲ. 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾದ 1952ರ ಟಾಪ್ಸ್ ಸೆಟ್‌ನ, ಹೆಸರಾಂತ ಆಟಗಾರ ಮಿಕ್ಕಿ ಮ್ಯಾಂಟಲ್ ಕಾರ್ಡಿನ ಕಥೆ ಇದಕ್ಕೆ ತದ್ವಿರುದ್ಧ: ಆ ಸಾಲಿನಲ್ಲಿ ಮಾರಾಟವಾಗದೆ ಉಳಿದ ಕಾರ್ಡುಗಳನ್ನು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ದಾಗಿ ಟಾಪ್ಸ್‌ನ ಸೈ ಬರ್ಗರ್ ಅವರೇ ಹೇಳಿದ್ದರು.

ಆದ್ದರಿಂದ ಸಾಮಾನ್ಯ ಕಾರ್ಡುಗಳನ್ನು ಸಂಖ್ಯಾನುಕ್ರಮದಲ್ಲಿ ಜೋಡಿಸುತ್ತ ಸಂಜೆಗಳನ್ನು ಕಳೆಯುವುದು ವ್ಯರ್ಥವೆಂಬುದು ನನ್ನ ದೃಢ ಅಭಿಪ್ರಾಯ. ಪ್ರತಿ ವರ್ಷದ ರಾಶಿಯಿಂದ ಹೆಸರಾಂತ ಆಟಗಾರರ ರೂಕಿ ಕಾರ್ಡುಗಳನ್ನೂ (ಅವರ ವೃತ್ತಿಜೀವನದ ಆರಂಭದ ಕಾರ್ಡುಗಳು) ಮುದ್ರಣದೋಷದ ಕಾರ್ಡುಗಳನ್ನೂ ಮಾತ್ರ ಆರಿಸಿಕೊಂಡರೆ ಸಾಕು. ಅಪ್ಪರ್ ಡೆಕ್ ಕಂಪನಿಯ 1989ರ ಸೆಟ್‌ನ ಮೊದಲನೆಯ ಕಾರ್ಡಾದ ಕೆನ್ ಗ್ರಿಫಿ ಜೂನಿಯರ್, ಅದೇ ಕಂಪನಿಯ 1993ರ ಎಸ್‌ಪಿ ಸೆಟ್‌ನ 279ನೆಯ ಸಂಖ್ಯೆಯ ಡೆರೆಕ್ ಜೀಟರ್, ಮುಂಬದಿಯಲ್ಲಿ ಹೆಸರೇ ಅಚ್ಚಾಗದ 1990ರ ಟಾಪ್ಸ್ ಫ್ರ್ಯಾಂಕ್ ಥಾಮಸ್ ಇಂಥವು. ಥಾಮಸ್ ಕಾರ್ಡು ಕೈಗೆ ಬಂದಾಗಲೆಲ್ಲ ಹೆಸರಿನ ಜಾಗವನ್ನು ನೋಡದೆ ಬದಿಗಿಡಬಾರದು.

ಇಲ್ಲಿಂದ ಮುಂದೆ ಬೆಲೆಯನ್ನು ನಿರ್ಧರಿಸುವುದು ಕಾರ್ಡಿನ ಸ್ಥಿತಿ. ಪಿಎಸ್‌ಎಯಂಥ ಸಂಸ್ಥೆಗಳು ಚಿತ್ರ ಅಂಚುಗಳ ನಡುವೆ ಸಮವಾಗಿ ಕೂತಿದೆಯೇ ಎಂಬುದನ್ನೂ ಮೂಲೆ, ಅಂಚು, ಮೇಲ್ಮೈಗಳನ್ನೂ ಪರೀಕ್ಷಿಸಿ 1ರಿಂದ 10ರವರೆಗೆ ದರ್ಜೆ ಕೊಡುತ್ತವೆ. ಗ್ರಿಫಿ ಕಾರ್ಡಿಗೆ 10ರ ದರ್ಜೆ ಸಾವಿರಾರು ಬಾರಿ ಸಿಕ್ಕಿದೆ. ಜೀಟರ್ ಕಾರ್ಡಿನ ಹೊಳೆಯುವ ಹಾಳೆಯ ಮೇಲ್ಮೈ ಬಹು ಬೇಗ ಗೀಚಿಕೊಳ್ಳುವುದರಿಂದ ಅದಕ್ಕೆ 10 ಸಿಗುವುದು ತೀರ ವಿರಳ. ದೀಪದ ಕೆಳಗೆ ಕಾರ್ಡನ್ನು ಓರೆಯಾಗಿ ಹಿಡಿದು ನೋಡಿದರೆ ನೇರ ನೋಟಕ್ಕೆ ಸಿಕ್ಕದ ಗೀರುಗಳು ಕಾಣುತ್ತವೆ. ನಿರೀಕ್ಷೆಗಿಂತ ಒಂದು ದರ್ಜೆ ಕಡಿಮೆ ಬಂದರೂ ಶುಲ್ಕ ಮತ್ತು ಅಂಚೆವೆಚ್ಚ ಕಳೆದು ಲಾಭ ಉಳಿಯುವಂತಿದ್ದರೆ ಮಾತ್ರ ಪರೀಕ್ಷೆಗೆ ಕಳುಹಿಸುವುದು ವಿವೇಕ. ಅಂಚನ್ನು ಕತ್ತರಿಸಿ ನೇರಗೊಳಿಸುವುದು ಮೋಸ. ಅಂಥ ಕಾರ್ಡಿಗೆ ಅಂಕಿಯ ದರ್ಜೆಯನ್ನೂ ಕೊಡುವುದಿಲ್ಲ.

ಆರಿಸಿದ ಕಾರ್ಡನ್ನು ಮೊದಲು ತೆಳು ಪ್ಲಾಸ್ಟಿಕ್ ಚೀಲದೊಳಗೆ, ಆಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ ಇಡಬೇಕು. ರಬ್ಬರ್ ಬ್ಯಾಂಡುಗಳನ್ನೂ ಹಳೆಯ ಪಿವಿಸಿ ಹಾಳೆಗಳನ್ನೂ ತಕ್ಷಣವೇ ತೆಗೆದುಹಾಕಬೇಕು.

ಬೆಲೆ ತಿಳಿಯಲು ಇ–ಬೇಯಲ್ಲಿ ಮಾರಾಟಗಾರರು ಕೇಳುತ್ತಿರುವ ಮೊತ್ತವನ್ನು ನೋಡದೆ, ಅದೇ ಕಾರ್ಡು ಅದೇ ಸ್ಥಿತಿಯಲ್ಲಿ ಇತ್ತೀಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತೆಂಬುದನ್ನು ನೋಡಬೇಕು. ಸ್ಥಳೀಯ ಅಂಗಡಿಯವರು ಅದಕ್ಕಿಂತ ಸಾಕಷ್ಟು ಕಡಿಮೆ ಕೊಡುತ್ತಾರೆ. ಅವರೂ ಮಾರಿ ಬದುಕಬೇಕಾದ್ದರಿಂದ ಅದರಲ್ಲಿ ಅನ್ಯಾಯವೇನಿಲ್ಲ. ನಾನು ಬೆಲೆಯುಳ್ಳವನ್ನು ಬಿಡಿಬಿಡಿಯಾಗಿಯೂ ಉಳಿದವನ್ನು ವರ್ಷವಾರು ಪೆಟ್ಟಿಗೆಗಳಲ್ಲಿ ಒಟ್ಟಾಗಿಯೂ ಮಾರಲಿದ್ದೇನೆ. ಪ್ರತಿ ಬಿಡಿ ಕಾರ್ಡಿನ ಎರಡೂ ಬದಿಗಳ ಚಿತ್ರ ತೆಗೆದು, ಚಿತ್ರದಲ್ಲಿ ಕಾಣಿಸದ ಗೀರು ಅಥವಾ ಮಡಿಕೆ ಇದ್ದರೆ ಅದನ್ನು ಮಾತಿನಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ.