ಡೈನೋ ಮೇಲೆ ಟರ್ಬೋ ಇಲ್ಲದ ರೋಟರಿ

ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ಮಜ್ದಾದ 13ಬಿ ರೋಟರಿ ಎಂಜಿನ್ನಿಗೆ ಕ್ಯಾಮ್ ಇಲ್ಲ, ವಾಲ್ವ್ ಇಲ್ಲ. ಗಾಳಿ ಒಳಬರುವ, ಹೊಗೆ ಹೊರಹೋಗುವ ಕಿಂಡಿಯ, ಅಂದರೆ ಪೋರ್ಟಿನ, ಅಂಚು ಎಲ್ಲಿದೆಯೋ ಅದೇ ಅದು ತೆರೆದು ಮುಚ್ಚುವ ಟೈಮಿಂಗ್. ಹೆಚ್ಚು ಉಜ್ಜಿದ ಲೋಹ ಮತ್ತೆ ಬರುವುದಿಲ್ಲ, ಹಾಗಾಗಿ ಟೆಂಪ್ಲೇಟ್ ಇಟ್ಟು ಗೀಟು ಎಳೆದ ಮೇಲೆಯೇ ಗ್ರೈಂಡರ್ ಹಿಡಿಯಬೇಕು. ರಸ್ತೆಯ ಕಾರಿಗೆ ಮೂಲ ಕಿಂಡಿಯನ್ನೇ ತುಸು ಹಿಗ್ಗಿಸಿದ ಸ್ಟ್ರೀಟ್ ಪೋರ್ಟ್ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಡುವೆ ಲೋಹದ ಸೇತುವೆ ಉಳಿಸಿ ಪಕ್ಕದಲ್ಲಿ ಇನ್ನೊಂದು ಕಿಂಡಿ ಕೊರೆದ ಬ್ರಿಡ್ಜ್ ಪೋರ್ಟ್ ಮೇಲಿನ ಆರ್‌ಪಿಎಂನಲ್ಲಿ ಸೊಗಸಾಗಿ ಉಸಿರಾಡುತ್ತದೆ ನಿಜ, ಆದರೆ ಐಡಲ್ ಕುಂಟುತ್ತದೆ. ಉಳಿಸಿದ ಸೇತುವೆ ತೆಳುವಾದರೆ ರೋಟರ್ ಮೂಲೆಯ ಕಾರ್ನರ್ ಸೀಲಿಗೆ ಆಧಾರವೂ ತಪ್ಪುತ್ತದೆ.

ಎಂಜಿನ್ ಒಳಗೆ ಎಣ್ಣೆ ಹನಿಸುವ ಆಯಿಲ್ ಮೀಟರಿಂಗ್ ಪಂಪ್ ತೆಗೆದಿದ್ದರೆ ಪ್ರತಿ ಲೀಟರ್ ಪೆಟ್ರೋಲಿಗೆ 5ರಿಂದ 8 ಮಿಲಿ ಟೂ ಸ್ಟ್ರೋಕ್ ಆಯಿಲ್ ಬೆರೆಸಲೇಬೇಕು. ಇಲ್ಲದಿದ್ದರೆ ರೋಟರ್ ತುದಿಯ ಅಪೆಕ್ಸ್ ಸೀಲ್ ಒಣಗಿ ಸವೆಯುತ್ತದೆ.

ಪವರ್, ಟಾರ್ಕ್ ಅಳೆಯುವ ಯಂತ್ರವಾದ ಡೈನೋದಲ್ಲಿ 1:1ಕ್ಕೆ ಹತ್ತಿರದ ಗೇರ್ ಹಾಕಿ. ಪೂರ್ತಿ ಥ್ರಾಟಲ್‌ನಲ್ಲಿ ಗಾಳಿ-ಇಂಧನ ಅನುಪಾತ 12.5ರಿಂದ ಶುರುಮಾಡಿ, ಮೆಲ್ಲಗೆ 13ರ ಆಸುಪಾಸಿಗೆ ತನ್ನಿ. ಇಗ್ನಿಷನ್ ಒಂದೊಂದೇ ಡಿಗ್ರಿ ಮುಂದೆ ಸರಿಸಿ, ಅಂದರೆ ಕಿಡಿ ಬೇಗ ಹಾರಲಿ. ಟಾರ್ಕ್ ಏರದಿದ್ದರೆ ಹಿಂದಕ್ಕೆ ಬನ್ನಿ, ಇಂಧನ ತಾನಾಗಿ ಸಿಡಿದು ನಾಕ್ ಆದರೆ ಅಪೆಕ್ಸ್ ಸೀಲ್ ಒಡೆಯುತ್ತದೆ. ಒಳಕಿಂಡಿ, ಹೊರಕಿಂಡಿ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು, ಅಂದರೆ ಓವರ್‌ಲ್ಯಾಪ್, ದೊಡ್ಡದಿರುವ ಎಂಜಿನ್‌ನಲ್ಲಿ, ಐಡಲ್‌ನ ಹೊತ್ತಿಗೆ ಸುಡದ ಆಮ್ಲಜನಕ ಎಕ್ಸಾಸ್ಟಿಗೆ ಸೇರಿ ಗಾಳಿ-ಇಂಧನ ಅನುಪಾತ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಸುಳ್ಳಾಗಿ ಲೀನ್ (ಇಂಧನ ಕಮ್ಮಿ) ಎಂದು ತೋರಿಸುತ್ತದೆ. ಅದನ್ನು ನಂಬಿ ಇಂಧನ ಸುರಿದರೆ ಪ್ಲಗ್ ಒದ್ದೆ.

ಎಲ್ಲರೂ ಕೇಳುವುದು ಗರಿಷ್ಠ ಪವರ್ ಎಷ್ಟು ಅಂತ. ಕಾರು ಓಡುವುದು ಮಾತ್ರ ಎಲ್ಲ ಆರ್‌ಪಿಎಂನ ಪವರ್ ತೋರಿಸುವ ಇಡೀ ಕರ್ವ್ ಮೇಲೆ. ಎರಡು ರನ್ ಹೋಲಿಸುವಾಗ ಕೂಲಂಟ್ ತಾಪ, ಒಳಬರುವ ಗಾಳಿಯ ತಾಪ, ಟೈರ್ ಒತ್ತಡ, ಹವೆಗೆ ತಕ್ಕಂತೆ ಅಂಕಿ ಸರಿಪಡಿಸುವ ಕರೆಕ್ಷನ್ ಫ್ಯಾಕ್ಟರ್ ಎಲ್ಲವೂ ಒಂದೇ ಇರಲಿ.