ವೀಕೆಂಡ್‌ನಲ್ಲಿ ಏನ್ ಮಾಡ್ತೀರಿ? ನೀರು ನೋಡೋಕೆ ಹೋಗ್ತೀವಿ

ಊರಿಗೆ ಫೋನ್ ಮಾಡಿದಾಗಲೂ ಇದೇ ಪ್ರಶ್ನೆ. ಸಿಡ್ನಿ, ಮೆಲ್ಬರ್ನ್‌ನಲ್ಲಿರುವ ಗೆಳತಿಯರು ಮಾತಿಗೆ ಸಿಕ್ಕಾಗಲೂ ಇದೇ ಪ್ರಶ್ನೆ. "ಆ ಮರಳುಗಾಡಲ್ಲಿ ಬೇಜಾರಾಗಲ್ವಾ? ಶನಿವಾರ ಭಾನುವಾರ ಎಲ್ಲಿಗೆ ಹೋಗ್ತೀರಿ?" ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುತ್ತಿದ್ದೆ. ಇವತ್ತು ಕೂತು ಪೂರ್ತಿ ಬರೆಯುತ್ತಿದ್ದೇನೆ.

ನಾವಿರುವುದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ. ಆಸ್ಟ್ರೇಲಿಯಾ ನಕ್ಷೆಯ ನಟ್ಟನಡುವೆ ಬೆರಳಿಟ್ಟರೆ ಹೆಚ್ಚುಕಡಿಮೆ ನಮ್ಮೂರಿನ ಮೇಲೇ ಬೀಳುತ್ತದೆ. ಕೆಳಗೆ ಅಡಿಲೇಡ್‌ಗೆ ಸುಮಾರು 1500 ಕಿಲೋಮೀಟರ್, ಮೇಲೆ ಡಾರ್ವಿನ್‌ಗೂ ಅಷ್ಟೇ. ಜನ ಸುಮಾರು 25 ಸಾವಿರ. ನಾನು ಹುಟ್ಟಿ ಬೆಳೆದ ಹಿರಿಯೂರಿನ ಅರ್ಧದಷ್ಟೂ ಇಲ್ಲ. ನಮ್ಮವರು ಆಸ್ಪತ್ರೆಯಲ್ಲಿ ನರ್ಸ್. ನಾನು ವಯಸ್ಸಾದವರನ್ನು ನೋಡಿಕೊಳ್ಳುವ ಕಡೆ ಕೆಲಸ ಮಾಡುತ್ತೇನೆ. ಬಂದು ಎರಡೂವರೆ ವರ್ಷವಾಯಿತು.

ಮರಳುಗಾಡು ಅಂದ ತಕ್ಷಣ ಎಲ್ಲರೂ ರಾಜಸ್ಥಾನದ ಮರಳುದಿಣ್ಣೆ ನೆನೆಸಿಕೊಳ್ಳುತ್ತಾರೆ. ಇದು ಹಾಗಿಲ್ಲ. ಕೆಂಪು ಮಣ್ಣು, ಕುರುಚಲು ಗಿಡ, ಮುಳ್ಳಿನ ಹಾಗೆ ಚುಚ್ಚುವ ಸ್ಪಿನಿಫೆಕ್ಸ್ ಹುಲ್ಲು, ಅಲ್ಲಲ್ಲಿ ಬೆಳ್ಳಗೆ ಸುಣ್ಣ ಹೊಡೆದಂಥ ಗೋಸ್ಟ್ ಗಮ್ ಮರ. ಮೊದಲ ದಿನ ವಿಮಾನದಿಂದ ಇಳಿದು ಆ ಮಣ್ಣಿನ ಬಣ್ಣ ನೋಡಿದಾಗ ನನಗೆ ಅಪರಿಚಿತ ಅನ್ನಿಸಲೇ ಇಲ್ಲ.

ದಿನದ ಬದುಕು ಶಾಂತ. ಬೆಳಿಗ್ಗೆ ಕೆಲಸ, ಸಂಜೆ ಮನೆ. ಭಾರತಕ್ಕೂ ಇಲ್ಲಿಗೂ ವರ್ಷವಿಡೀ ಸರಿಯಾಗಿ ನಾಲ್ಕು ಗಂಟೆ ವ್ಯತ್ಯಾಸ. ಹಾಗಾಗಿ ನಾನು ಸಂಜೆ ಆರಕ್ಕೆ ಟೀ ಹಿಡಿದು ಕೂತರೆ ಅಮ್ಮ ಊಟ ಮುಗಿಸಿ ಎರಡು ಗಂಟೆಗೆ ಅಡ್ಡಾಗುವ ಹೊತ್ತು. ದಿನಾ ಮಾತಾಡುತ್ತೇವೆ. ಬೇಸಿಗೆ ಅಂದರೆ ಡಿಸೆಂಬರ್, ಜನವರಿ. 40 ಡಿಗ್ರಿ ದಾಟುವುದು ಮಾಮೂಲು. ಮನೆಯ ಮೇಲೆ ನೀರಿನಿಂದ ಗಾಳಿ ತಣ್ಣಗೆ ಮಾಡುವ ದೊಡ್ಡ ಕೂಲರ್ ಇರುತ್ತದೆ, ಇಲ್ಲಿಯವರು ಅದನ್ನು ಸ್ವಾಂಪಿ ಅನ್ನುತ್ತಾರೆ. ಒಣ ಬಿಸಿಲು ತಾನೇ, ಚೆನ್ನಾಗಿ ಕೆಲಸ ಮಾಡುತ್ತದೆ. ಇನ್ನೊಂದು ವಿಷಯ ಹೇಳಲೇಬೇಕು. ಅಕ್ಕಿ ಸಂಡಿಗೆ ಇಲ್ಲಿ ಒಂದೇ ದಿನಕ್ಕೆ ಒಣಗುತ್ತದೆ. ಬೆಳಿಗ್ಗೆ ಏಳಕ್ಕೆ ಹಾಳೆಯ ಮೇಲೆ ಇಟ್ಟು, ನೊಣ ಮತ್ತು ಧೂಳು ಬೀಳದ ಹಾಗೆ ತೆಳು ಬಟ್ಟೆ ಮುಚ್ಚುತ್ತೇನೆ. ಸಂಜೆ ಎತ್ತಿದರೆ ಕಟಕಟ ಅನ್ನುತ್ತದೆ.

ಇನ್ನು ವೀಕೆಂಡ್. ನನ್ನ ಉತ್ತರ ಇಷ್ಟೇ: ನಾವು ನೀರು ನೋಡೋಕೆ ಹೋಗ್ತೀವಿ.

ಊರಿನ ಪೂರ್ವಕ್ಕೂ ಪಶ್ಚಿಮಕ್ಕೂ ಮ್ಯಾಕ್‌ಡೊನೆಲ್ ಬೆಟ್ಟಗಳ ಸಾಲು ಉದ್ದಕ್ಕೆ ಮಲಗಿದೆ. ಹಳ್ಳಗಳು ಆ ಬೆಟ್ಟವನ್ನು ಸುತ್ತಿಕೊಂಡು ಹೋಗುವುದಿಲ್ಲ, ಅಡ್ಡಡ್ಡ ಕೊರೆದುಕೊಂಡು ಹೋಗಿವೆ. ಹಾಗೆ ಕೊರೆದ ಜಾಗಕ್ಕೆ ಇಲ್ಲಿ ಗ್ಯಾಪ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಕಣಿವೆ. ಮಾರಿಕಣಿವೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಎರಡು ಗುಡ್ಡದ ನಡುವಿನ ಕಿರಿದಾದ ಬಾಯಿ, ಅದರಲ್ಲಿ ನೀರು. ವೇದಾವತಿಗೆ ಅಲ್ಲಿ ಅಣೆಕಟ್ಟು ಕಟ್ಟಿದರು, ಇಲ್ಲಿ ಕಟ್ಟಿಲ್ಲ, ಅಷ್ಟೇ. ಹಳ್ಳ ಒಣಗಿದರೂ ಬಂಡೆಗಳ ನೆರಳಲ್ಲಿ ಮಡು ಉಳಿದುಕೊಂಡಿರುತ್ತದೆ. ಸುತ್ತಲಿನ ಹಕ್ಕಿ, ಪ್ರಾಣಿ, ಮನುಷ್ಯರು ಎಲ್ಲರೂ ಬರುವುದು ಅದರ ಹತ್ತಿರಕ್ಕೆ.

ಹತ್ತಿರದ್ದೊಂದು ಸಿಂಪ್ಸನ್ಸ್ ಗ್ಯಾಪ್, ಸುಮಾರು 20 ಕಿಲೋಮೀಟರ್. ಇಲ್ಲಿ ಈಜುವಂತಿಲ್ಲ. ಸಂಜೆ ಹೊತ್ತಿಗೆ ಹೋಗಿ ಸುಮ್ನೆ ಕೂರಬೇಕು. ಹತ್ತು ನಿಮಿಷ ಮಾತಾಡದೆ ಕೂತರೆ ಬಂಡೆರಾಶಿಯಲ್ಲಿ ಒಂದು ಕಲ್ಲು ಅಲುಗಿದ ಹಾಗಾಗುತ್ತದೆ. ಅದು ಕಲ್ಲಲ್ಲ, ರಾಕ್ ವಾಲಬಿ. ಕಾಂಗರೂವಿನ ಚಿಕ್ಕ ತಂಗಿಯ ಹಾಗಿರುತ್ತದೆ. ಕಡಿದಾದ ಬಂಡೆಯ ಮೇಲೆ ಪುಟುಪುಟು ಹಾರಿ ಕೆಳಗೆ ಬಂದು, ಮುಂಗಾಲಲ್ಲಿ ಏನೋ ಹಿಡಿದುಕೊಂಡು ಮೆಲ್ಲುತ್ತದೆ. ನನ್ನ ಮಗಳು ಮೊದಲ ಸಲ ನೋಡಿದಾಗ ಕೂಗದೆ, ನನ್ನ ಕೈ ಮಾತ್ರ ಗಟ್ಟಿಯಾಗಿ ಹಿಡಿದಳು.

ಬಿಸಿಲು ಜಾಸ್ತಿ ಇರುವಾಗ ಎಲೆರಿ ಕ್ರೀಕ್ ಬಿಗ್ ಹೋಲ್‌ಗೆ ಹೋಗುತ್ತೇವೆ. ಒಂದು ಗಂಟೆಯ ದಾರಿ. ಹೊರಗೆ ಕಾಲಿಟ್ಟರೆ ಮರಳು ಸುಡುತ್ತದೆ, ನೀರಿಗೆ ಇಳಿದರೆ ಹಲ್ಲು ಕಟಕಟಿಸುತ್ತದೆ. ಆಳವಾದ ಮಡು, ಎರಡೂ ಕಡೆ ಎತ್ತರದ ಬಂಡೆ, ಬಿಸಿಲು ಸರಿಯಾಗಿ ತಾಗುವುದೇ ಇಲ್ಲ. ದಡದಲ್ಲಿ ನಿಂತು ಅಂದಾಜು ಮಾಡಿ ಧುಮುಕಬಾರದು. ನಿಧಾನಕ್ಕೆ ಇಳಿಯಬೇಕು. ಇನ್ನೂ ಮುಂದೆ, ಊರಿನಿಂದ 135 ಕಿಲೋಮೀಟರ್‌ನಲ್ಲಿ ಆರ್ಮಿಸ್ಟನ್ ಗಾರ್ಜ್ ಇದೆ. ನನಗೆ ಎಲ್ಲಕ್ಕಿಂತ ಇಷ್ಟ ಅದೇ. ಬೆಳಗಿನ ಬಿಸಿಲು ಬಿದ್ದಾಗ ಆ ಬಂಡೆಗಳು ಕೆಂಡದ ಬಣ್ಣಕ್ಕೆ ಬರುತ್ತವೆ. ಈ ಕಡೆ ಹೋಗುವ ರಸ್ತೆಗೆ ಆಲ್ಬರ್ಟ್ ನಮಟ್ಜಿರ ಅವರ ಹೆಸರಿಟ್ಟಿದ್ದಾರೆ. ಇದೇ ಬೆಟ್ಟ, ಇದೇ ಬಿಳಿ ಮರಗಳನ್ನು ಜಲವರ್ಣದಲ್ಲಿ ಬರೆದ ಅರಂಡ ಜನಾಂಗದ ಚಿತ್ರಕಾರ ಅವರು.

ಅರಂಡ ಜನರೇ ಈ ನೆಲದ ಮೂಲದವರು. ಆಲಿಸ್‌ಗೆ ಅವರ ಹೆಸರು ಮ್ಬಾರ್ನ್‌ತ್ವ. ಕೆಲಸದ ಕಡೆ ಅವರಲ್ಲೊಬ್ಬ ಹಿರಿಯಮ್ಮ ಒಮ್ಮೆ ಕಿಟಕಿಯಿಂದ ಬೆಟ್ಟ ತೋರಿಸಿ, ಈ ಸಾಲನ್ನೆಲ್ಲ ಮಾಡಿದ್ದು ನಮ್ಮ ಪೂರ್ವಿಕರಾದ ಕಂಬಳಿಹುಳುಗಳು ಅಂದರು. ಅವತ್ತಿನಿಂದ ಆ ಬೆಟ್ಟ ನನಗೆ ಬೇರೆ ಥರ ಕಾಣುತ್ತದೆ. ಏರಿಳಿತ ನೋಡಿದರೆ ನಿಜವಾಗಿಯೂ ಹುಳು ಹರಿದಂತೆ ಇದೆ. ನೀರಿನ ಮಡುಗಳಿಗೂ ಅವರಲ್ಲಿ ಕಥೆಗಳಿವೆ. ಎಲ್ಲವನ್ನೂ ಹೊರಗಿನವರಿಗೆ ಹೇಳುವುದಿಲ್ಲ. ನಾವು ಕೆದಕಿ ಕೇಳಬಾರದು ಅಂತ ಕಲಿತಿದ್ದೇನೆ. ಇಲ್ಲಿ ಫೋಟೋ ಬೇಡ ಅಂತ ಬೋರ್ಡ್ ಇದ್ದರೆ ಫೋನ್ ಒಳಗೆ ಇಡುತ್ತೇನೆ.

ಹೊರಡುವ ಮುಂಚಿನ ತಯಾರಿ ದೊಡ್ಡದು. ಡಿಕ್ಕಿಯಲ್ಲಿ 20 ಲೀಟರ್ ನೀರಿನ ಕ್ಯಾನ್ ಯಾವಾಗಲೂ ಇರುತ್ತದೆ. ಸ್ಟೆಪ್ನಿಗೆ ಗಾಳಿ ಇದೆಯಾ ನೋಡುತ್ತೇವೆ. ಊರು ದಾಟಿ ಸ್ವಲ್ಪ ದೂರ ಹೋದರೆ ಮೊಬೈಲ್ ಸಿಗ್ನಲ್ ಇಲ್ಲ, ಅದಕ್ಕೆ ಎಲ್ಲಿಗೆ ಹೋಗುತ್ತೇವೆ, ಎಷ್ಟೊತ್ತಿಗೆ ವಾಪಸ್ ಅಂತ ಪಕ್ಕದ ಮನೆಯವರಿಗೆ ಹೇಳಿಯೇ ಹೊರಡುವುದು. ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆಯಬಾರದು. ಇದನ್ನು ಹೊಸಬರಿಗೆಲ್ಲ ನಾನು ಮೊದಲು ಹೇಳುತ್ತೇನೆ, ಯಾಕೆಂದರೆ ಹುಡುಕಿ ಬರುವವರಿಗೆ ಗಾಡಿ ಬೇಗ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಕತ್ತಲಾಗುವ ಮೊದಲು ಮನೆ ಸೇರುತ್ತೇವೆ. ಮುಸ್ಸಂಜೆಗೆ ಕಾಂಗರೂಗಳು ರಸ್ತೆಗೆ ಬರುತ್ತವೆ. ಸಿಂಪ್ಸನ್ಸ್ ಗ್ಯಾಪ್ ಹತ್ತಿರವಿರುವುದರಿಂದ ಅಲ್ಲಿಗೆ ಮಾತ್ರ ಸಂಜೆ ಹೋಗುತ್ತೇವೆ, ಬರುವಾಗ ತೀರಾ ನಿಧಾನ.

ಉಲುರು ಅನ್ನುವ ಆ ಹೆಸರಾಂತ ದೊಡ್ಡ ಬಂಡೆ ನಮ್ಮ ಪಕ್ಕದಲ್ಲೇ ಇದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. 450 ಕಿಲೋಮೀಟರ್‌ಗೂ ಜಾಸ್ತಿ, ಬೆಂಗಳೂರಿನಿಂದ ಹುಬ್ಬಳ್ಳಿಗಿಂತ ದೂರ. ಅದಕ್ಕೆ ಮೂರು ದಿನ ರಜೆ ಬೇಕು. ಹತ್ತುವುದನ್ನು 2019ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದ್ದಾರೆ, ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಸುತ್ತ ನಡೆದರೆ ಬಂಡೆಯ ಬುಡದಲ್ಲಿ, ಮುಟಿಜುಲು ಅನ್ನುವ ಜಾಗದಲ್ಲಿ, ಅಲ್ಲೂ ಒಂದು ಮಡು ಸಿಗುತ್ತದೆ.

ಆದರೆ ನಾನು ಮರೆಯದ ದಿನ ದೂರದ್ದಲ್ಲ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ್ದು. ನಮ್ಮೂರಿನ ನಡುವೆ ಟಾಡ್ ಅನ್ನುವ ನದಿ ಇದೆ. ವರ್ಷದಲ್ಲಿ ಹೆಚ್ಚಿನ ದಿನ ಅದು ಬರೀ ಮರಳು. ಪ್ರತಿವರ್ಷ ಆ ಮರಳಿನಲ್ಲಿ ತಳವಿಲ್ಲದ ದೋಣಿ ಎತ್ತಿಕೊಂಡು ಓಡುವ ಪಂದ್ಯ ನಡೆಯುತ್ತದೆ. 1993ರಲ್ಲಿ ನದಿಗೆ ನೀರು ಬಂದು ಪಂದ್ಯವೇ ನಿಂತಿತಂತೆ. ಟಾಡ್ ಮೂರು ಸಲ ಹರಿದದ್ದನ್ನು ನೋಡಿದವರು ಇಲ್ಲಿಯವರೇ ಆಗಿಬಿಡುತ್ತಾರೆ ಅನ್ನುವ ಮಾತಿದೆ.

ಒಂದು ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ಪಕ್ಕದ ಮನೆಯವರು ಬಾಗಿಲು ತಟ್ಟಿ, ನದಿ ಬರ್ತಾ ಇದೆ ಬನ್ನಿ ಅಂದರು. ಓಡಿದೆವು. ದಡದ ತುಂಬ ಜನ, ಮಕ್ಕಳು, ನಾಯಿಗಳು. ಮೊದಲು ನೀರು ಕಾಣಲಿಲ್ಲ. ಕಡ್ಡಿ, ಒಣ ಎಲೆ, ಕಂದು ನೊರೆ ಒಂದು ಸಾಲಾಗಿ ಮರಳಿನ ಮೇಲೆ ನಿಧಾನಕ್ಕೆ ತೆವಳುತ್ತಾ ಬಂತು. ಹಳ್ಳ ಸಿಕ್ಕ ಕಡೆ ನಿಂತು, ತುಂಬಿ, ಮತ್ತೆ ಮುಂದೆ. ಅದರ ಹಿಂದೆ ಹೊಳೆ. ಯಾರೋ ಚಪ್ಪಾಳೆ ತಟ್ಟಿದರು.

ನಾನು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಊರಲ್ಲಿ ಆಗ ನಸುಕು, ಅಮ್ಮ ಇನ್ನೂ ಎದ್ದಿರಲಿಲ್ಲ. 2022ರಲ್ಲಿ ನಮ್ಮ ಮಾರಿಕಣಿವೆ 89 ವರ್ಷದ ಮೇಲೆ ಕೋಡಿ ಬಿದ್ದಾಗ ನಾವಿಬ್ಬರೂ ಜನರ ನಡುವೆ ನಿಂತು ನೋಡಿದ್ದೆವು. ಅಮ್ಮ ಅವತ್ತು ಅತ್ತಿದ್ದರು. ಈಗಲೂ ಪರದೆಗೆ ಮುಖ ಹತ್ತಿರ ತಂದು, "ಬಾಗಿನ ಬಿಟ್ರಾ?" ಅಂತ ಕೇಳಿದರು. ಇಲ್ಲಮ್ಮ, ಇಲ್ಲಿ ಆ ಪದ್ಧತಿ ಇಲ್ಲ ಅಂದೆ. "ಕೈಯಾದ್ರೂ ಮುಗಿ" ಅಂದರು. ಮುಗಿದೆ. ನನ್ನ ಮಗಳೂ ಮುಗಿದಳು. ಅದಾದ ಮೇಲೆ ಇನ್ನೊಂದು ಸಲ ಟಾಡ್ ಹರಿದಿದೆ. ಮೂರನೆಯದು ಬಾಕಿ ಇದೆ.

ನೀವು ಬರುವುದಾದರೆ ಜೂನ್‌ನಿಂದ ಆಗಸ್ಟ್ ಒಳಗೆ ಬನ್ನಿ. ಹಗಲು ಹಿತವಾಗಿರುತ್ತದೆ, ರಾತ್ರಿ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ, ಸ್ವೆಟರ್ ಮರೆಯಬೇಡಿ. ಟೋಪಿ ಮತ್ತು ನೊಣ ಕೂರದಂತೆ ಮುಖಕ್ಕೆ ಹಾಕುವ ಬಲೆ ನಮ್ಮ ಮನೆಯಲ್ಲೇ ಇವೆ. ಶನಿವಾರ ಬೆಳಿಗ್ಗೆ ಆರಕ್ಕೆ ಚಿತ್ರಾನ್ನ ಕಟ್ಟಿಕೊಂಡು ಆರ್ಮಿಸ್ಟನ್‌ಗೆ ಹೊರಡೋಣ.