ನಿಮಿಟ್ಜ್ ಹೋಟೆಲ್, 1:87: ಹಡಗಿನ ಮೂತಿಯ ಕಟಕಟೆ ಕೊನೆಗೂ ನಿಂತಿತು

ಟೆಕ್ಸಾಸ್‌ನ ನಿಮಿಟ್ಜ್ ಹೋಟೆಲಿನ ಮಾಡೆಲ್ ಕಟ್ಟುತ್ತಿದ್ದೇನೆ, ಅಸಲಿಯ 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ. ಗೋಡೆ, ಕಿಟಕಿ, ಸೂರಿನ ಕೆಲಸ ನಿಮಗೆಲ್ಲ ಗೊತ್ತಿರುವುದೇ. ನೇರ ಮೂತಿಗೇ ಬರೋಣ.

ಈ ಕಟ್ಟಡಕ್ಕೆ ಜೀವ ಇರುವುದೇ ಅಲ್ಲಿ. ಫ್ರೆಡ್ರಿಕ್ಸ್‌ಬರ್ಗ್ ಟೆಕ್ಸಾಸ್‌ನ ಒಳನಾಡಿನ ಬೇಸಾಯದ ಊರು, ಪೀಚ್ ಹಣ್ಣಿಗೆ ಹೆಸರುವಾಸಿ. 1846ರಲ್ಲಿ ಜರ್ಮನ್ ವಲಸಿಗರು ಕಟ್ಟಿದ್ದು. ಅಲ್ಲಿ ಹೋಟೆಲ್ ನಡೆಸುತ್ತಿದ್ದ ಚಾರ್ಲ್ಸ್ ನಿಮಿಟ್ಜ್ ಮೊದಲು ವ್ಯಾಪಾರಿ ಹಡಗಿನಲ್ಲಿ ದುಡಿದವರು. ಹೋಟೆಲಿನ ಮುಂಭಾಗವನ್ನೇ ಉಗಿಹಡಗಿನಂತೆ ಕಟ್ಟಿಸಿದರು. ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡಿದ್ದ ಮೊಮ್ಮಗ ಚೆಸ್ಟರ್, 1945ರ ಸೆಪ್ಟೆಂಬರ್ 2ರಂದು ಜಪಾನಿನ ಶರಣಾಗತಿ ಪತ್ರಕ್ಕೆ ಅಮೆರಿಕದ ಪರವಾಗಿ ಸಹಿ ಹಾಕಿದ ಅಡ್ಮಿರಲ್. ಊರಿನವರು ಈ ಹೋಟೆಲನ್ನು ಅವರ ಹೆಸರಿನ ಮ್ಯೂಸಿಯಂ ಮಾಡಲು ಹೊರಟಾಗ, ನನ್ನೊಬ್ಬನ ಹೆಸರಿಗೆ ಬೇಡ, ಜೊತೆಗೆ ಸೇವೆ ಮಾಡಿದವರೆಲ್ಲರಿಗೂ ಸಲ್ಲಲಿ ಎಂದರು ಚೆಸ್ಟರ್. ಎಂಥ ದೊಡ್ಡ ಮಾತು! 1920ರ ದಶಕದಲ್ಲಿ ಕಿತ್ತುಹಾಕಿದ್ದ ಹಡಗಿನ ಮುಖವನ್ನೂ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಹಾಗಾಗಿ ಮಾಡೆಲ್‌ನಲ್ಲಿ ಮೂತಿ ಸೊಟ್ಟಗಾದರೆ ಉಳಿದದ್ದೆಲ್ಲ ದಂಡ.

ಕಟಕಟೆಯ ಎತ್ತರ 10 ಮಿ.ಮೀ. ಮೇಲುಪಟ್ಟಿಗೆ 1 ಮಿ.ಮೀ. ದಪ್ಪದ ಬಾಸ್‌ವುಡ್ (ಮಾಡೆಲ್‌ಗೆ ಬಳಸುವ ಹಗುರ, ಮೆದು ಮರ) ಬಗ್ಗಿಸಿದರೆ ಮರದ ಎಳೆ ಓರೆಯಾದ ಕಡೆಯೇ ಪಟಕ್ಕನೆ ಮುರಿಯುತ್ತದೆ. ಅಂಗಡಿಯವರು ಕಳಿಸಿದ ಕಟ್ಟಿನಲ್ಲಿ ಅರ್ಧಕ್ಕರ್ಧ ಇಂಥವೇ. ದುಡ್ಡು ಮಾತ್ರ ಪೂರ್ತಿ. ಪಟ್ಟಿಯನ್ನು ಬೆಳಕಿಗೆ ಹಿಡಿದು, ಎಳೆ ಉದ್ದಕ್ಕೂ ನೇರವಾಗಿದ್ದರೆ ಮಾತ್ರ ಬಳಸಿ.

ಗೆದ್ದ ದಾರಿ ಇದು: 0.5 ಮಿ.ಮೀ.ನ ಎರಡು ಪಟ್ಟಿಗಳನ್ನು ಬಿಸಿನೀರಲ್ಲಿ 20 ನಿಮಿಷ ನೆನೆಸಿ, ಅಚ್ಚಿಗೆ ಸುತ್ತಿ ರಾತ್ರಿಯಿಡೀ ಒಣಗಿಸಿ, ಆಮೇಲೆ ಅಚ್ಚಿನ ಮೇಲೆಯೇ ಒಂದಕ್ಕೊಂದು ಅಂಟಿಸುವುದು. ಬಿಟ್ಟಾಗ ಪಟ್ಟಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಅಚ್ಚಿನ ಬಾಗು ಬೇಕಾದ್ದಕ್ಕಿಂತ ಬಿಗಿಯಾಗಿರಲಿ. ಮೂತಿಯ ತುದಿಯಲ್ಲಿ ಬಗ್ಗಿಸಲೇಬೇಡಿ. ಎಡಬಲದ ಪಟ್ಟಿಗಳು ತುದಿಯ ಕಂಬದ ಮೇಲೆ ಓರೆಯಾಗಿ ಸೇರಲಿ.

ಬಿಳಿ ಬಣ್ಣ ಹೊಡೆಯುವ ಮುನ್ನ ಸ್ಯಾಂಡಿಂಗ್ ಸೀಲರ್, ಅಂದರೆ ಮರದ ಸಣ್ಣ ರಂಧ್ರ ಮುಚ್ಚುವ ಲೇಪ, ಕಡ್ಡಾಯ. ನೀರಿನ ಬಣ್ಣ ನೇರವಾಗಿ ಬಿದ್ದರೆ ಮರ ಮತ್ತೆ ನೆನೆದು ಬಾಗು ಸಡಿಲಾಗುತ್ತದೆ, ಫೆವಿಕಾಲ್ ಕೂಡ ಮೆತ್ತಗಾಗುತ್ತದೆ.

ಮುಂದಿನದು ಅದೇ ಮ್ಯೂಸಿಯಂನಲ್ಲಿರುವ ಹಾ-19, ಪರ್ಲ್ ಹಾರ್ಬರ್ ದಾಳಿಗೆ ಬಂದು ಹವಾಯಿಯ ಒವಾಹು ದ್ವೀಪದ ತೀರದಲ್ಲಿ ಸಿಕ್ಕಿಬಿದ್ದ ಜಪಾನಿನ ಇಬ್ಬರಾಳಿನ ಸಬ್‌ಮೆರೀನ್. ಅಸಲಿಯ ಉದ್ದ 23.9 ಮೀಟರ್, ಇದೇ ಅಳತೆಯಲ್ಲಿ 27.5 ಸೆಂ.ಮೀ. ಒಡಲಿಗೆ 20 ಮಿ.ಮೀ. ವೈರಿಂಗ್ ಪೈಪ್ ಹೆಚ್ಚುಕಮ್ಮಿ ಸರಿಹೋಗುತ್ತದೆ. ಮುಂದೆ ಒಂದರ ಮೇಲೊಂದಿರುವ ಎರಡು ಟಾರ್ಪೆಡೊ ಕೊಳವೆಗಳಿಗೆ ಒಳವ್ಯಾಸ 5 ಮಿ.ಮೀ. ಇರುವ ತೆಳು ಹಿತ್ತಾಳೆ ನಳಿಗೆ ಬೇಕು. ಬೆಂಗಳೂರಿನಲ್ಲಿ ಬಿಡಿಯಾಗಿ ಮಾರುವವರು ಗೊತ್ತಿದ್ದರೆ ತಿಳಿಸಿ.